ಕೈತೋಟಗಾರನಿಗೆ ಕಾಲವನ್ನು ಹೇಳುವವರು ಯಾರು?

ನಮ್ಮ ಕೊಪ್ಪದಲ್ಲಿ ಹೊಸದಾಗಿ ಮನೆಮಾಡಿದ ಉಪಾಧ್ಯಾಯರೊಬ್ಬರು ಹಿತ್ತಿಲಿನ ನೆಲವನ್ನು ಅಗೆದು, ಮಡಿಮಾಡಿ, ಕೈತೋಟವನ್ನು ಹೂಡಿದರು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಗೊಬ್ಬರಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಕಾಲಜ್ಞಾನಕ್ಕೆ. ಮಾರ್ಚಿಯಲ್ಲಿ ಊರಿದ ನಾಟಿ ಅವರೆಯು ಚಪ್ಪರವನ್ನೆಲ್ಲ ಮುಚ್ಚಿತೇ ಹೊರತು ತಿಂಗಳುಗಟ್ಟಲೆ ಒಂದು ಹೂವನ್ನೂ ಬಿಡಲಿಲ್ಲ. ಮೇ ತಿಂಗಳಿನಲ್ಲಿ ಹದಮಳೆಯು ಬಿದ್ದಾಗ ಅವರು ಬೆಂಡೆಯ ಬೀಜವನ್ನು ಮುಟ್ಟಲಿಲ್ಲ. ‘ಕೊಪ್ಪದಲ್ಲಿ ಮುಂಗಾರಿನ ಜಡಿಮಳೆ ಕಳೆದಮೇಲೆ ಬಿತ್ತತಕ್ಕದ್ದು’ ಎಂದು ಎಲ್ಲಿಯೋ ಓದಿದ್ದರು. ಜಡಿಮಳೆಯು ಬರಲೇ ಇಲ್ಲ. ಆ ಸಲಹೆಯು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕೊಪ್ಪಕ್ಕಾಗಿ ಬರೆದುದು; ಅವರಿದ್ದುದು ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ!

ಇದನ್ನು ಕೇಳಿ ನಗುವುದು ಸುಲಭ. ಆದರೆ ದೋಷವು ಅವರೊಬ್ಬರದೇ ಅಲ್ಲ. ನ್ಯಾಯಸ್ಥಾನಕ್ಕೆ ಅಧಿಕಾರದ ಎಲ್ಲೆಯೊಂದುಂಟು; ಒಂದು ಜಿಲ್ಲೆಯ ಮೊಕದ್ದಮೆಯನ್ನು ಇನ್ನೊಂದು ಜಿಲ್ಲೆಯಲ್ಲಿ ಹೂಡಿದರೆ ಅರ್ಜಿಯು ಹಿಂದಿರುಗುವುದು. ಬೇಸಾಯದ ಸಲಹೆಗೂ ಅಂತಹ ಎಲ್ಲೆಯುಂಟೆಂಬುದನ್ನು ಹೇಳುವವರೂ ಮರೆತಿದ್ದಾರೆ, ಕೇಳುವವರೂ ಮರೆತಿದ್ದಾರೆ. ಕನ್ನಡನಾಡು 1956ರಲ್ಲಿ ಒಂದಾಯಿತು, ಮಳೆಯು ಒಂದಾಗಲಿಲ್ಲ. ಕೃಷಿ ಶಾಸ್ತ್ರಜ್ಞರು ಈ ರಾಜ್ಯವನ್ನು ಹತ್ತು ಹವಾವಲಯಗಳಾಗಿ ವಿಂಗಡಿಸಿರುವರು. ಮಂಡ್ಯದ ಸೀಮೆಯು ದಕ್ಷಿಣದ ಒಣವಲಯಕ್ಕೆ ಸೇರಿದುದು. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ಅದೂ ಮೇ ತಿಂಗಳಿನಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಬಲವಾಗುವುದು. ಮಲೆನಾಡಿನ ಕೊಪ್ಪದಲ್ಲಿ ಇದರ ಹಲವು ಪಟ್ಟು ಮಳೆಯು ಮುಂಗಾರಿನ ನಡುವೆಯೇ ಸುರಿದುಹೋಗುವುದು. ಹೆಸರು ಒಂದು, ಋತುಗಳು ಎರಡು.

ನಮ್ಮ ಹಿರಿಯರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭರಣಿ, ಕೃತ್ತಿಕೆಯೆಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯನ್ನು ಹೆಸರಿಟ್ಟು ಎಣಿಸಿ, ಅದಕ್ಕೆ ತಕ್ಕಂತೆ ಬಿತ್ತುತ್ತಿದ್ದರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂಬ ಗಾದೆಯು ಜೋಳದ ಸೀಮೆಗೆ ಸತ್ಯ. ರಾಗಿಯ ಸೀಮೆಯಾದ ನಮಗೆ ಅದು ಬರಿಯ ಗಾದೆ. ನಾಟಿ ಅವರೆಯ ರಹಸ್ಯವನ್ನೂ ಅವರು ಅರಿತಿದ್ದರು. ಹಗಲು ಕಿರಿದಾಗುವವರೆಗೆ ಅದು ಹೂವನ್ನು ಬಿಡದು. ಆದುದರಿಂದಲೇ ಮುಂಗಾರಿನಲ್ಲಿ ಊರಿ ಮಾಗಿಯಲ್ಲಿ ಸೊಗಡಿನ ಕಾಯನ್ನು ಕೊಯ್ಯುವ ರೂಢಿ. ಎಲ್ಲ ಕಾಲಕ್ಕೂ ಅವರೆ ಬೇಕೆಂಬವನಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಿದೆ. ಹಾಗಾದರೆ ಯಾವ ತಿಂಗಳೆಂದು ಕೇಳಿದರೆ ಸಾಲದು. ಯಾವ ತಳಿಯೆಂದೂ ಕೇಳಬೇಕು.

ವಿದ್ಯೆಗೆ ನಮ್ಮಲ್ಲಿ ಬಡತನವಿಲ್ಲ. ಮಂಡ್ಯದ ವಿ.ಸಿ. ಫಾರಂ ನಮಗೆ ಎಷ್ಟು ದೂರ? ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಮಾಡಿ ‘ಇಂಡಾಫ್’ ತಳಿಗಳನ್ನು ಲಕ್ಷ್ಮಣಯ್ಯನವರು ಸೃಷ್ಟಿಸಿದುದು ಅಲ್ಲಿಯೇ ಅಲ್ಲವೆ? ಹೋಬಳಿಗಳಲ್ಲಿ ರೈತಸಂಪರ್ಕ ಕೇಂದ್ರಗಳಿವೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಪ್ರಶ್ನೆ ಕೇಳಬಹುದು. ಆದರೂ ಕಬ್ಬು ಭತ್ತಗಳ ಎಕರೆಗಳಿಗೆ ದೊರೆಯುವ ಗಮನವು ನಾಲ್ಕು ಮಡಿಯ ಹಿತ್ತಿಲಿಗೆ ದೊರೆಯುವುದಿಲ್ಲ. ನಾನು ಕೊಂಡ ಬೀಜದ ಪೊಟ್ಟಣವೊಂದರ ಮೇಲೆ ಕನ್ನಡದ ಒಂದಕ್ಷರವಿರಲಿಲ್ಲ. ಬಿತ್ತುವ ಕಾಲವು ‘ವರ್ಷವೆಲ್ಲ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದಿತು. ಇದು ಸಲಹೆಯಲ್ಲ, ಹೊಣೆಗೇಡಿತನ.

ವರ್ಷವೆಲ್ಲ ಬರುವಂತಹುದು ದಂಟಿನಂತಹ ಕೆಲವು ಸೊಪ್ಪುಗಳು ಮಾತ್ರ. ಮೇ–ಜೂನಿನ ಹದಕ್ಕೆ ಬೆಂಡೆ, ಬದನೆ; ಅಕ್ಟೋಬರ್ ಕಳೆದು ತಂಪು ಹತ್ತಿದಮೇಲೆ ಹೂಕೋಸು, ಗಜ್ಜರಿ, ಬಟಾಣಿ; ಜನವರಿ–ಫೆಬ್ರವರಿಯಲ್ಲಿ, ನೀರಿದ್ದವರಿಗೆ, ಸೌತೆ, ಹೀರೆ. ಬೇಸಗೆಯಲ್ಲಿ ಟೊಮ್ಯಾಟೊ ನೆಟ್ಟವನು ಬಿಳಿನೊಣ ಹರಡುವ ಎಲೆಮುದುಡು ರೋಗಕ್ಕೆ ಸಿದ್ಧನಾಗಿರಬೇಕು.

ಮಳೆಗಳೇ ಈಗ ಮಾತು ತಪ್ಪುತ್ತಿರುವಾಗ ಹಳೆಯ ಲೆಕ್ಕವೇಕೆಂದು ಕೆಲವರು ಆಕ್ಷೇಪಿಸುವರು. ದಿಟವೇ. 2023ರಲ್ಲಿ ಮುಂಗಾರು ಕೈಕೊಟ್ಟು ಬರ ಬಂದಿತು. 2024ರಲ್ಲಿ ಕೃಷ್ಣರಾಜಸಾಗರವು ತುಂಬಿತು. ಹಾಗೆ ತಪ್ಪುವುದರಿಂದಲೇ ಊರೂರಿನ ಬರೆಹದ ಲೆಕ್ಕವು ಮೊದಲಿಗಿಂತ ಹೆಚ್ಚು ಬೇಕಾಗಿದೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಬೀಜ ಮಾರುವವರು ತಳಿಯನ್ನೂ ಬಿತ್ತುವ ತಿಂಗಳನ್ನೂ ಸೀಮೆಯನ್ನೂ ಕನ್ನಡದಲ್ಲಿ ಅಚ್ಚುಹಾಕಲಿ. ಹೋಬಳಿಯ ಕೇಂದ್ರವು ತಿಂಗಳಿಗೊಮ್ಮೆ ತನ್ನ ಬಾಗಿಲಲ್ಲಿ ಕೈತೋಟದ ಹಲಗೆಯೊಂದನ್ನು ಬರೆದಿಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಶಾಲೆಯ ಕೈತೋಟದಲ್ಲಿಯೂ ಒಂದು ದಿನಚರಿಯಿರಲಿ: ಬಿತ್ತಿದ ದಿನ, ಮಳೆಯ ದಿನ, ಮೊದಲ ಹೂವಿನ ದಿನ, ಹುಳು ಕಂಡ ದಿನ. ಮೂರು ವರ್ಷ ನಡೆದರೆ ಅದೇ ಆ ಊರಿನ ಪಂಚಾಂಗವಾಗುವುದು. ಕೇಳಿಬಂದ ಮಾತಿಗಿಂತ ಪ್ರತ್ಯಕ್ಷ ಸಾಕ್ಷಿಯು ಮೇಲೆಂಬುದನ್ನು ಮಕ್ಕಳು ಪುಸ್ತಕವಿಲ್ಲದೆಯೇ ಕಲಿಯುವರು.

ನಮ್ಮ ಉಪಾಧ್ಯಾಯ ಮಿತ್ರರಿಗೆ ಕೊನೆಗೆ ಸರಿಯಾದ ಕಾಲವನ್ನು ಹೇಳಿದವರು ಬೇಲಿಯಾಚೆಯ ಮನೆಯ ಅಜ್ಜಿ. “ಒಂದು ಮಾತು ಕೇಳಬಾರದಾಗಿತ್ತೇ, ಮೇಷ್ಟ್ರೇ?” ಎಂದರಂತೆ. ಈಗ ಅವರ ಶಾಲೆಯಲ್ಲಿ ದಿನಚರಿಯ ಮೊದಲ ಪುಟವು ಆರಂಭವಾಗಿದೆ. ಉಳಿದ ಶಾಲೆಗಳ ಉಪಾಧ್ಯಾಯರೂ ಬರುವ ಭರಣಿಗೆ ಮುನ್ನವೇ ಈ ಕಾರ್ಯಕ್ಕೆ ಕೈಹಾಕುವರೆಂದು ನಂಬಿದ್ದೇನೆ.