ಇಸಿಜಿ ಬೆಂಗಳೂರು ಮುಟ್ಟುತ್ತದೆ, ರೋಗಿ?

2025ರ ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು. ಭಯಕ್ಕೆ ಬಂದವರೇ ಹೆಚ್ಚು ಎಂದು ಕೆಲವರು ನಕ್ಕರು. ನನಗೆ ಅನ್ನಿಸಿದ್ದು ಬೇರೆ: ಸಾಲು ನಿಲ್ಲುವುದಕ್ಕಾದರೂ ಅವರಿಗೆ ಒಂದು ಜಯದೇವ ಇದೆ. ಬೆಂಗಳೂರು, ಮೈಸೂರು, ಕಲಬುರಗಿ ಈ ಮೂರರಲ್ಲಿ ಚಿತ್ರದುರ್ಗಕ್ಕೆ ಹತ್ತಿರದ್ದು ಬೆಂಗಳೂರು. ಅದೂ 200 ಕಿ.ಮೀ. ದೂರ.

ಹೃದಯದ ರಕ್ತನಾಳ ಪೂರ್ತಿ ಮುಚ್ಚಿದೆ ಎಂದು ಇಸಿಜಿಯಲ್ಲಿ ಗೊತ್ತಾದ ಮೇಲೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗಬೇಕು. ಆಗುವಂತಿಲ್ಲವಾದರೆ ಕೂಡಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಹೊಸದುರ್ಗದಿಂದ ಚಿತ್ರದುರ್ಗ ಹೆಚ್ಚುಕಡಿಮೆ 60 ಕಿ.ಮೀ., ಅಲ್ಲಿಂದ ದಾವಣಗೆರೆ ಮತ್ತೆ 60. ಆಂಬುಲೆನ್ಸ್ ಬರುವ ಹೊತ್ತು ಸೇರಿಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಅದಕ್ಕೂ ಮೊದಲು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಕಳೆದ ಗಂಟೆ ಬೇರೆ.

46ನೇ ವಯಸ್ಸಿಗೇ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಈ ಕಷ್ಟವನ್ನು ಸರಿಯಾಗಿ ಹಿಡಿದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದರೆ, ಹೊರಗೆ 30 ಸಾವಿರ ರೂಪಾಯಿಯ ಆಸುಪಾಸು ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ತಜ್ಞರಿಲ್ಲದ ಊರಿಗೆ ತಜ್ಞರ ಕಣ್ಣನ್ನು ತಂದದ್ದು ಸಣ್ಣ ಕೆಲಸವಲ್ಲ.

ಎಂಜಿನಿಯರಿಂಗ್ ಓದುವವನಾಗಿ ನನಗೆ ಕಾಣುವ ತೊಡಕು ಇಷ್ಟೇ: ಇಸಿಜಿಯನ್ನು ಫೋನಿನಲ್ಲಿ ಕಳಿಸಬಹುದು, ಆಂಜಿಯೋಪ್ಲಾಸ್ಟಿಯನ್ನು ಕಳಿಸಲಾಗದು. ಇಂಜೆಕ್ಷನ್‌ನಿಂದ ಎಲ್ಲರ ಹೆಪ್ಪೂ ಕರಗುವುದಿಲ್ಲ. ಕರಗಿದವರಿಗೂ ಒಂದು ದಿನದೊಳಗೆ ಆಂಜಿಯೋಗ್ರಾಮ್ ಆಗಬೇಕು. ಹಾಗೆಂದು ಹಿರಿಯೂರಿಗೊಬ್ಬರು, ಹೊಳಲ್ಕೆರೆಗೊಬ್ಬರು ಹೃದ್ರೋಗ ತಜ್ಞರು ಬೇಕೆಂದು ಮನವಿ ಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಕ್ಯಾಥ್ ಲ್ಯಾಬ್ ಇಲ್ಲದ ಕಡೆ ಅವರೂ ‘ಮುಂದಕ್ಕೆ ಕರೆದುಕೊಂಡು ಹೋಗಿ’ ಎಂದೇ ಬರೆದುಕೊಡಬೇಕಾಗುತ್ತದೆ. ಕೇಳಬೇಕಾದದ್ದು ಜಿಲ್ಲಾ ಕೇಂದ್ರದಲ್ಲಿ ಹಗಲು ರಾತ್ರಿ ನಡೆಯುವ ಒಂದು ಪೂರ್ಣ ವಿಭಾಗ, ಪಾಳಿ ಬದಲಿಸುವಷ್ಟು ತಜ್ಞರೊಂದಿಗೆ. ಒಬ್ಬರೇ ಇದ್ದರೆ ಅವರ ರಜೆಯ ದಿನ ವಿಭಾಗಕ್ಕೂ ರಜೆ.

ಚಿತ್ರದುರ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಇನ್ನೇನು ಎನ್ನುವವರಿದ್ದಾರೆ. ಲೆಕ್ಕ ಹಾಕಿ: 2023ರಲ್ಲಿ ಎಂಬಿಬಿಎಸ್ ಸೇರಿದವರಿಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಡಿ.ಎಂ.ಗೆ ಮತ್ತೆ ಮೂರು. ಎಲ್ಲೂ ತಡವಾಗದಿದ್ದರೂ 2035. ಅಷ್ಟು ಓದಿದವರು ನಗರದ ಖಾಸಗಿ ಆಸ್ಪತ್ರೆಯ ಸಂಬಳ ಬಿಟ್ಟು ಇಲ್ಲಿಗೆ ಬರಬೇಕಾದರೆ ಯಂತ್ರ, ತಂಡ, ಮನೆ ಮೂರೂ ಸಿದ್ಧವಿರಬೇಕು. ಬರೀ ವರ್ಗಾವಣೆ ಆದೇಶಕ್ಕೆ ಯಾರೂ ನಿಲ್ಲರು.

ತಂಡ ಎಂದರೆ ವೈದ್ಯರಷ್ಟೇ ಅಲ್ಲ. ಕ್ಯಾಥ್ ಲ್ಯಾಬ್‌ಗೆ ತರಬೇತಾದ ನರ್ಸ್‌ಗಳು, ತಂತ್ರಜ್ಞರು ಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಎಂಬ ಬಿ.ಎಸ್ಸಿ. ಕೋರ್ಸೇ ಇದೆ. ಪಿಯುಸಿ ವಿಜ್ಞಾನ ಮುಗಿಸಿ, ನೀಟ್‌ನಲ್ಲಿ ಸೀಟು ಸಿಗದೆ ಕೂತಿರುವ ಗೆಳೆಯರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಜಿಲ್ಲಾಸ್ಪತ್ರೆಗೆ ಕ್ಯಾಥ್ ಲ್ಯಾಬ್ ಕೇಳುವಾಗ ಈ ಹುದ್ದೆಗಳನ್ನೂ ಸೇರಿಸಿಯೇ ಕೇಳೋಣ.