ಗುಡಾರಕ್ಕೆ ಬುನಾದಿಯಿಲ್ಲ, ಹೊಣೆಯೂ ಇಲ್ಲವೇ?

ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಹೆದ್ದಾರಿಗಳ ಇಕ್ಕೆಲಗಳಲ್ಲಿ ಸೂರ್ಯಕಾಂತಿ ಹಾಗೂ ಚೆಂಡುಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ಒಂದು ಎಣ್ಣೆಗಾಗಿ ಬಿತ್ತಿದ್ದು; ಇನ್ನೊಂದು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ, ಕೇರಳದ ಓಣಂ ಮಾರುಕಟ್ಟೆಗಾಗಿ ಬೆಳೆದದ್ದು. ಊಟಿ ಮತ್ತು ವಯನಾಡಿನ ದಾರಿ ಹಿಡಿದ ವಾಹನಗಳು ಇಲ್ಲಿ ನಿಲ್ಲುತ್ತವೆ. ಹೊಲಕ್ಕಿಳಿದು ಚಿತ್ರ ತೆಗೆದುಕೊಳ್ಳುವವರಿಂದ ರೈತ ಒಂದಿಷ್ಟು ಹಣ ಪಡೆಯುತ್ತಾನೆ. ತುಳಿದುಹೋದ ಗಿಡಗಳ ನಷ್ಟವನ್ನು ಈ ಹಣ ಎಷ್ಟೋ ವೇಳೆ ತುಂಬಿಕೊಡುತ್ತದೆ. ಸಂಜೆಯಾಗುತ್ತಲೇ ವಾಹನಗಳು ಹೊರಟುಹೋಗುತ್ತವೆ. ಇಷ್ಟರ ಮಟ್ಟಿಗೆ ಇದರಲ್ಲಿ ಯಾರಿಗೂ ದೊಡ್ಡ ಹಾನಿಯಿಲ್ಲ.

ಈಗ ಬದಲಾಗುತ್ತಿರುವುದು ಸಂಜೆಯ ನಂತರದ ಮಾತು. ಬಂದವರು ಹೊರಡಲು ಒಲ್ಲರು. ಹೊಲದಲ್ಲಿಯೇ, ಕಾಡಿನ ಸೆರಗಿನಲ್ಲಿಯೇ ರಾತ್ರಿ ಕಳೆಯಬೇಕೆಂಬ ಆಸೆ ಅವರದು. ಅದಕ್ಕೆಂದೇ ಗುಡಾರಗಳು ಬಂದಿವೆ. ಮಲಗುವ ಮಂಚ, ಅಡುಗೆಯ ಒಲೆ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು ಸಾಗುವ ಕ್ಯಾರವಾನ್‌ಗಳೂ ಬರುತ್ತಿವೆ. ಉಷ್ಣವಲಯದ ದ್ವೀಪಗಳಲ್ಲಿ ಕಡಲ ದಂಡೆಗೆ ಗಾಡಿ ನಿಲ್ಲಿಸಿ, ಅಲೆಗಳ ಸದ್ದಿಗೆ ಮಲಗಿ ಏಳುವವರ ಚಿತ್ರಗಳನ್ನು ಕಂಡು ಬೆಳೆದ ಹಂಬಲವಿದು. ಸರ್ಕಾರಗಳೂ ಇದಕ್ಕೆ ಇಂಬು ಕೊಟ್ಟಿವೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಆರಂಭಿಸಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆಯಿತು. ಬೆಂಗಳೂರು–ಮೈಸೂರುಗಳಿಂದ ವಯನಾಡಿಗೆ ಹೊರಟ ಅನೇಕ ಗಾಡಿಮನೆಗಳು ಗುಂಡ್ಲುಪೇಟೆಯನ್ನು ಹಾದು ಹೋಗುತ್ತವೆ. ಆದ್ದರಿಂದ ಇದು ದೂರದ ದ್ವೀಪದ ವಿಷಯವಾಗಿ ಉಳಿದಿಲ್ಲ. ಹಂಗಳ, ಮಂಗಲ, ಮೇಲುಕಾಮನಹಳ್ಳಿಗಳ ವಿಷಯವಾಗಿದೆ.

ಈ ಬಗೆಯ ವಾಸ್ತವ್ಯದ ಪರವಾಗಿ ಮಂಡಿಸಲಾಗುವ ವಾದ ಸರಳವಾಗಿದೆ. ರೆಸಾರ್ಟ್ ಕಟ್ಟಿದರೆ ಬುನಾದಿ ತೋಡಬೇಕು, ಭೂಪರಿವರ್ತನೆ ಆಗಬೇಕು, ಗೋಡೆ ಏಳಬೇಕು. ಗುಡಾರಕ್ಕೆ ಇದಾವುದೂ ಬೇಡ. ಬೆಳಿಗ್ಗೆ ಗೂಟ ಕಿತ್ತರೆ ನೆಲ ಮೊದಲಿನಂತೆಯೇ ಇರುತ್ತದೆ. ಚಕ್ರದ ಮೇಲಿನ ಮನೆಯಂತೂ ಗೂಟದ ಗುರುತನ್ನೂ ಬಿಡುವುದಿಲ್ಲ. ಹಾಗಿದ್ದ ಮೇಲೆ ಅನುಮತಿಯೇಕೆ, ನಿರ್ಬಂಧವೇಕೆ ಎಂಬುದು ಪ್ರಶ್ನೆ.

ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು ಕೇಂದ್ರ ಸರ್ಕಾರ 2012ರ ಅಕ್ಟೋಬರ್‌ನಲ್ಲಿ ಅಧಿಸೂಚಿಸಿದಾಗ ಎಲ್ಲರ ಕಣ್ಣಿದ್ದದ್ದು ಕಟ್ಟಡ, ಕಾರ್ಖಾನೆ ಮತ್ತು ಕಲ್ಲುಗಣಿಗಳ ಮೇಲೆ. ಕಾನೂನಿನ ನೋಟ ಸ್ವಭಾವತಃ ಬುನಾದಿಯ ಮೇಲೆ ಬೀಳುತ್ತದೆ. ಆದರೆ ಆನೆ ಬುನಾದಿಯನ್ನು ನೋಡುವುದಿಲ್ಲ. ಅದರ ದಾರಿಗೆ ಅಡ್ಡವಾಗುವುದು ಬೆಳಕು, ಹೊಗೆ, ಸದ್ದು, ಬೇಯುವ ಅನ್ನದ ವಾಸನೆ ಮತ್ತು ಮನುಷ್ಯರ ಓಡಾಟ. ಇವೆಲ್ಲವೂ ಕಾಂಕ್ರೀಟಿನ ಕೋಣೆಗಿಂತ ಬಟ್ಟೆಯ ಗುಡಾರದಿಂದಲೇ ಹೆಚ್ಚು ಸಲೀಸಾಗಿ ಹೊರಬೀಳುತ್ತವೆ. ಗೋಡೆಯಿಲ್ಲದ ವಸತಿಯು ನೆಲಕ್ಕೆ ಹಗುರವಾಗಿರಬಹುದು. ರಾತ್ರಿಗೆ ಅದು ಹಗುರವಲ್ಲ. 2023ರ ಗಣತಿಯ ಅಂದಾಜಿನಂತೆ ಬಂಡೀಪುರದಲ್ಲಿ 1,116 ಹಾಗೂ ಬಿಳಿಗಿರಿರಂಗನ ಬೆಟ್ಟದಲ್ಲಿ 619 ಆನೆಗಳಿವೆ. ಚಾಮರಾಜನಗರ ಜಿಲ್ಲೆಯ ಕಾಡಂಚಿನ ರಾತ್ರಿಯ ಮೊದಲ ಹಕ್ಕುದಾರರು ಯಾರೆಂಬುದನ್ನು ಈ ಸಂಖ್ಯೆಗಳೇ ಹೇಳುತ್ತವೆ.

ಈ ಹಕ್ಕನ್ನು ನಾಡು ಒಮ್ಮೆ ಒಪ್ಪಿಕೊಂಡದ್ದೂ ಇದೆ. ಬಂಡೀಪುರವನ್ನು ಹಾದುಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸುವ ಆದೇಶ ಹೊರಬಿದ್ದದ್ದು 2009ರಲ್ಲಿ. ಹಲವು ಎಳೆದಾಟಗಳ ನಂತರ 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೆ ತೊಂದರೆಯಾಗುತ್ತದೆ, ನೆರೆರಾಜ್ಯದೊಂದಿಗಿನ ಸಂಪರ್ಕ ಕಡಿಯುತ್ತದೆ ಎಂಬ ಆಕ್ಷೇಪಗಳ ನಡುವೆಯೂ ಗಡಿನಾಡಿನ ಜನ ಈ ನಿಯಮಕ್ಕೆ ಒಗ್ಗಿಕೊಂಡರು. ಒಂಬತ್ತು ದಾಟಿ ಬಂದ ಲಾರಿಯವರು ಗುಂಡ್ಲುಪೇಟೆಯ ಕಡೆಯೇ ಬೆಳಗಿನವರೆಗೆ ಕಾಯುತ್ತಾರೆ. ತರಕಾರಿ ಹೊತ್ತ ಲಾರಿಯನ್ನು ಕಾಡಿನ ನಿದ್ದೆಗಾಗಿ ತಡೆದು ನಿಲ್ಲಿಸುವ ನಾಡು, ಅದೇ ಕಾಡಿನ ಅಂಚಿನಲ್ಲಿ ವಿಹಾರಕ್ಕೆಂದು ಬಂದವರ ದೀಪಮಾಲೆಗಳನ್ನೂ ಧ್ವನಿವರ್ಧಕಗಳನ್ನೂ ಕಂಡು ಸುಮ್ಮನಿರುವುದು ಯಾವ ನ್ಯಾಯ? ರಸ್ತೆಯಲ್ಲಿ ಮುಚ್ಚಿದ ಬಾಗಿಲನ್ನು ಹೊಲದ ಕಡೆಯಿಂದ ತೆರೆದಂತೆ ಆಗುವುದಿಲ್ಲವೇ?

ಈ ಪ್ರಶ್ನೆಯಲ್ಲಿ ರೈತನನ್ನು ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುವುದು ಅನ್ಯಾಯವಾದೀತು. ಗುಂಡ್ಲುಪೇಟೆ ಮಳೆನೆರಳಿನ ಸೀಮೆ. ಮುಂಗಾರು ಕೈಕೊಟ್ಟರೆ ಸೂರ್ಯಕಾಂತಿ ಕಾಳು ಕಟ್ಟುವುದಿಲ್ಲ. ಕೊಳವೆಬಾವಿ ನಂಬಿ ಬಾಳೆ, ಅರಿಸಿನ, ಟೊಮೇಟೊ ಹಾಕಿದವನಿಗೆ ಬೆಲೆ ಯಾವಾಗ ಕುಸಿಯುವುದೋ ತಿಳಿಯದು. ಕಾಡಂಚಿನವನಿಗಂತೂ ಇದರ ಮೇಲೆ ಹಂದಿ ಮತ್ತು ಆನೆಗಳ ಕಾಟ. ನವೆಂಬರ್–ಡಿಸೆಂಬರ್‌ನಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಅಟ್ಟಣೆಯ ಮೇಲೆ ರಾತ್ರಿಯಿಡೀ ಎದ್ದಿರುವುದು ಅವನ ಬೇಸಾಯದ ಭಾಗವೇ ಆಗಿದೆ. ಆ ಕಾವಲಿಗೆ ಯಾವ ಕೂಲಿಯ ಲೆಕ್ಕವೂ ಇಲ್ಲ. ಬೆಳೆಯ ಖರ್ಚಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಇಂಥವನ ಬಳಿಗೆ ಬಂದು, ಅರ್ಧ ಎಕರೆಯಲ್ಲಿ ನಾಲ್ಕು ಗುಡಾರ ಹಾಕಲು ಬಿಟ್ಟರೆ ತಿಂಗಳಿಗಿಷ್ಟು ಕೊಡುತ್ತೇವೆ ಎಂದರೆ ಅವನು ಬೇಡವೆನ್ನುವುದು ಹೇಗೆ?

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬೆಂಕಿಯ ಬೆಳಕು, ಜನರ ಗದ್ದಲ ಕಂಡ ಆನೆ ಹಿಂಡು ಕಾಡಿಗೆ ಮರಳಿಯೇಬಿಡುತ್ತದೆ ಎಂಬ ಖಾತ್ರಿಯಿಲ್ಲ. ಅದು ಬದಿಗೆ ಸರಿದು ಪಕ್ಕದ ಹೊಲಕ್ಕೆ ಇಳಿಯಬಹುದು. ಗುಡಾರದ ಬಾಡಿಗೆ ಒಬ್ಬನ ಕೈಸೇರುತ್ತದೆ. ತುಳಿದ ರಾಗಿ ಇನ್ನೊಬ್ಬನದು. ಪರಿಹಾರದ ಅರ್ಜಿಯಲ್ಲಿ ಬೆಳೆ ಯಾವುದು, ವಿಸ್ತೀರ್ಣವೆಷ್ಟು ಎಂದು ಕೇಳುತ್ತಾರೆಯೇ ಹೊರತು, ಆನೆ ಯಾರ ಹೊಲದ ದೀಪ ಕಂಡು ಈ ಕಡೆ ತಿರುಗಿತು ಎಂದು ಕೇಳುವವರಿಲ್ಲ. ಹೀಗೆ ಲಾಭ ಖಾಸಗಿಯಾಗಿ, ನಷ್ಟ ಊರಿನದಾಗುತ್ತದೆ. ಕೊನೆಗೆ ಊರಿನ ಸಿಟ್ಟು ತಿರುಗುವುದು ಗುಡಾರದ ಮೇಲಲ್ಲ, ಆನೆಯ ಮೇಲೆ. ಕಾಡಿಗೂ ಊರಿಗೂ ಇರುವ ಹಳೆಯ ಸಹನೆ ಸವೆಯುವುದು ಹೀಗೆಯೇ.

ಅಪಾಯ ಆನೆಗೆ ಮಾತ್ರ ಎಂದೂ ತಿಳಿಯಬೇಕಾಗಿಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಸಮೀಪ ಕಾಡಿನ ಬದಿಯಲ್ಲಿ ಗುಡಾರದಲ್ಲಿ ತಂಗಿದ್ದ ಶಿಕ್ಷಕಿಯೊಬ್ಬರು ಆನೆಯ ದಾಳಿಗೆ ಬಲಿಯಾದರು. ಆ ನಂತರವಷ್ಟೇ ಅಲ್ಲಿನ ಜಿಲ್ಲಾಡಳಿತ ಗುಡಾರ ವಸತಿಗಳ ಮೇಲೆ ಕ್ರಮಕ್ಕೆ ಮುಂದಾಯಿತು. ರಾಗಿ ಕಾಯುವ ರೈತ ಅಟ್ಟಣೆಯನ್ನು ಎತ್ತರಕ್ಕೆ ಕಟ್ಟುವುದು ಹವ್ಯಾಸಕ್ಕಲ್ಲ. ತಲೆತಲಾಂತರದಿಂದ ಇಲ್ಲಿರುವವನೇ ನೆಲದ ಮೇಲೆ ಮಲಗಲು ಅಂಜುವ ಜಾಗದಲ್ಲಿ, ಊರಿನ ಪರಿಚಯವೇ ಇಲ್ಲದವರನ್ನು ಬಟ್ಟೆಯ ಮರೆಯಲ್ಲಿ ಮಲಗಿಸುವುದು ಸಾಹಸವಲ್ಲ, ಬೇಜವಾಬ್ದಾರಿ.

ಇನ್ನು ನೀರು ಮತ್ತು ಕೊಳೆಯ ಮಾತು. ಗಾಡಿಮನೆಯ ಒಡಲಲ್ಲಿ ಎರಡು ಬಗೆಯ ಕೊಳಚೆ ತುಂಬಿಕೊಳ್ಳುತ್ತದೆ: ಪಾತ್ರೆ ತೊಳೆದು ಮಿಂದ ನೀರು ಒಂದು, ಶೌಚದ್ದು ಇನ್ನೊಂದು. ಎರಡನ್ನೂ ಎಲ್ಲಾದರೂ ಖಾಲಿ ಮಾಡಲೇಬೇಕು. ದುರ್ವಾಸನೆ ತಡೆಯಲು ಶೌಚತೊಟ್ಟಿಗೆ ಹಾಕುವ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್‌ನಂತಹ ರಾಸಾಯನಿಕಗಳಿರುವುದುಂಟು. ಮಲವನ್ನು ಕೊಳೆಯಿಸಿ ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳನ್ನೇ ಇವು ಕೊಲ್ಲುತ್ತವೆ. ಹೊಲದ ಮೂಲೆಯ ಗುಂಡಿಗೆ ಅದನ್ನು ಸುರಿದರೆ ಕೊಳೆ ಕಳಿಯದೆ ಕೆಳಗಿಳಿಯುತ್ತದೆ. ಈ ಸೀಮೆಯಲ್ಲಿ ಕೊಳವೆಬಾವಿಗೆ ಆಧಾರ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಇಂಗಿದ ನೀರು. ಬಿರುಕಿನ ದಾರಿಯಲ್ಲಿ ಮಣ್ಣಿನ ಶೋಧನೆ ಇರುವುದಿಲ್ಲ. ಒಬ್ಬನ ಗುಂಡಿಯ ಕೊಳೆ ಇನ್ನೊಬ್ಬನ ಬಾವಿಗೆ ಸೇರಲು ಹೆಚ್ಚು ಕಾಲ ಬೇಕಿಲ್ಲ.

ಬೆಂಕಿಯದು ಇನ್ನೂ ದೊಡ್ಡ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಆ ಬೆಂಕಿಗೆ ಪ್ರವಾಸಿಗಳು ಕಾರಣರೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಒಣಗಿದ ಲಂಟಾನ ಪೊದೆಗಳು ಹೊಲದ ಬದುವಿನವರೆಗೂ ಹಬ್ಬಿರುವಾಗ ಒಂದು ಕಿಡಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. ಅರಣ್ಯ ಇಲಾಖೆ ಬೆಂಕಿರೇಖೆ ಎಳೆದು, ಕಾವಲುಗಾರರನ್ನು ನೇಮಿಸಿಕೊಂಡು ಹಗಲಿರುಳು ಕಾಯುವ ಫೆಬ್ರವರಿಯಿಂದ ಮೇ ತಿಂಗಳ ಅವಧಿಯಲ್ಲಿಯೇ ಬೇಸಿಗೆ ರಜೆಯ ಜನ ಬಂದಿಳಿಯುತ್ತಾರೆ. ಕ್ಯಾಂಪ್‌ಫೈರ್ ಇಲ್ಲದ ಗುಡಾರಕ್ಕೆ ಗಿರಾಕಿಯೇ ಇಲ್ಲ.

ಯಾವ ದ್ವೀಪಗಳ ಮಾದರಿಯನ್ನು ತೋರಿಸಿ ಇದೆಲ್ಲವನ್ನು ಮಾರಲಾಗುತ್ತಿದೆಯೋ ಆ ದ್ವೀಪಗಳಾದರೂ ಕಟ್ಟುಪಾಡಿಲ್ಲದೆ ನಡೆಯುತ್ತಿವೆಯೇ? ಪ್ರವಾಸವನ್ನೇ ನೆಚ್ಚಿ ಬದುಕುವ ಹವಾಯಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ರಸ್ತೆಬದಿಯಲ್ಲಿ ವಾಹನವನ್ನು ವಾಸಕ್ಕೆ ಬಳಸುವುದು ಕಾನೂನಿನ ಪ್ರಕಾರ ಅಪರಾಧ. ಅಲ್ಲಿನ ಸರ್ಕಾರಿ ಉದ್ಯಾನಗಳಲ್ಲಿ ಗುಡಾರ ಹಾಕಲು ಮುಂಗಡ ಪರವಾನಗಿ ಬೇಕು. ಓಆಹು ದ್ವೀಪದಲ್ಲಿ ವಾರಕ್ಕೆ ಎರಡು ರಾತ್ರಿ ಈ ಶಿಬಿರತಾಣಗಳನ್ನು ಮುಚ್ಚುತ್ತಾರೆ. ಚಿತ್ರದಲ್ಲಿ ಕಾಣುವ ಸ್ವಚ್ಛ ಕಡಲತೀರದ ಹಿಂದೆ ಇಷ್ಟೊಂದು ಕಟ್ಟುಪಾಡು ಇದೆ. ಇಲ್ಲಿಗೆ ಬಂದಿರುವುದು ಚಿತ್ರ ಮಾತ್ರ, ಕಟ್ಟುಪಾಡು ಅಲ್ಲ.

ತಡವಾಗಿ ಎಚ್ಚೆತ್ತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಬಂಡೀಪುರದ ನೆರೆಯಲ್ಲಿಯೇ ಇದೆ. ನೀಲಗಿರಿಯ ಸಿಗೂರು ಪ್ರಸ್ಥಭೂಮಿಯ ಆನೆ ದಾರಿಯಲ್ಲಿ ರೆಸಾರ್ಟುಗಳು ಒಂದೊಂದಾಗಿ ತಲೆಯೆತ್ತಿದವು. ತೆರವಿನ ಪರವಾಗಿ ಮದ್ರಾಸ್ ಉಚ್ಚ ನ್ಯಾಯಾಲಯ 2011ರಲ್ಲಿ ನೀಡಿದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2020ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಹಣ ಹೂಡಿದವರು, ಅಲ್ಲಿ ದುಡಿಯುವವರು, ಜಮೀನು ಮಾರಿದವರು ಎಲ್ಲರೂ ಸಿಕ್ಕಿನಲ್ಲಿ ಸಿಲುಕಿದ್ದರು. ಕರ್ನಾಟಕದಲ್ಲಿಯೂ 2025ರ ನವೆಂಬರ್‌ನಲ್ಲಿ, ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ನಂತರ, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಗಳನ್ನು ಹಠಾತ್ತನೆ ನಿಲ್ಲಿಸಬೇಕಾಯಿತು. ಮಿತಿಯನ್ನು ಮೊದಲೇ ಹಾಕಿಕೊಳ್ಳದಿದ್ದರೆ ಮಿತಿ ಹೀಗೆ ಒಮ್ಮೆಲೇ ಮೇಲೆ ಬಂದು ಬೀಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಬುನಾದಿ ಇರಲಿ ಬಿಡಲಿ, ಹಣ ಪಡೆದು ಹೊರಗಿನವರನ್ನು ರಾತ್ರಿ ತಂಗಿಸುವ ಯಾವುದೇ ವ್ಯವಸ್ಥೆಯನ್ನು ವಸತಿಗೃಹವೆಂದೇ ಪರಿಗಣಿಸಿ ಗ್ರಾಮ ಪಂಚಾಯಿತಿಯಲ್ಲಿ ನೋಂದಾಯಿಸಬೇಕು. ಸೂಕ್ಷ್ಮ ವಲಯದೊಳಗಿದ್ದರೆ ಉಸ್ತುವಾರಿ ಸಮಿತಿಯ ಒಪ್ಪಿಗೆಯೂ ಇರಬೇಕು. ಎರಡನೆಯದಾಗಿ, ಕ್ಯಾರವಾನ್ ನಿಲುಗಡೆಗೆ ಸೂಕ್ತ ಜಾಗ ಕಾಡಂಚಲ್ಲ, ಪಟ್ಟಣ. ರಾತ್ರಿ ರಸ್ತೆ ಮುಚ್ಚಿದಾಗ ವಾಹನಗಳು ಹೇಗೂ ಗುಂಡ್ಲುಪೇಟೆಯ ಕಡೆ ನಿಲ್ಲುತ್ತವೆ. ಅಲ್ಲಿ, ಹಾಗೆಯೇ ಚಾಮರಾಜನಗರದಲ್ಲಿ, ಕೊಳಚೆ ಸ್ವೀಕರಿಸುವ ತೊಟ್ಟಿ, ನೀರು, ಕಾವಲುಗಳಿರುವ ನಿಲ್ದಾಣ ಮಾಡಿದರೆ ಪಟ್ಟಣದ ಅಂಗಡಿ–ಹೋಟೆಲುಗಳಿಗೂ ವ್ಯಾಪಾರ ಸಿಕ್ಕೀತು. ಮೂರನೆಯದಾಗಿ, ಕಾಡಂಚಿನ ಹಳ್ಳಿಗಳಲ್ಲಿ ಹಗಲಿನ ಕೃಷಿ ಪ್ರವಾಸಕ್ಕೆ ಪ್ರೋತ್ಸಾಹ ದೊರೆಯಬೇಕು. ಹೂವಿನ ಹೊಲ ನೋಡಲಿ, ರಾಗಿಮುದ್ದೆ–ಅವರೆಕಾಳಿನ ಸಾರು ಉಣ್ಣಲಿ, ಸಂಜೆ ಆರಕ್ಕೆ ಹೊರಡಲಿ. ಅದರ ಶುಲ್ಕವನ್ನು ರೈತರ ಸಂಘವೇ ಗೊತ್ತುಪಡಿಸಿ, ಒಂದು ಪಾಲನ್ನು ಊರಿನ ಬೆಳೆಕಾವಲಿಗೆ ಎತ್ತಿಡಲಿ. ಆಗ ಕಾಡುಪ್ರಾಣಿಯಿಂದ ನಷ್ಟವಾದವನಿಗೂ ಪ್ರವಾಸಿಯಿಂದ ಬಂದ ಹಣದಲ್ಲಿ ಪಾಲು ಇರುತ್ತದೆ. ಕೊನೆಯದಾಗಿ, ಫೆಬ್ರವರಿಯಿಂದ ಮೇವರೆಗೆ ಕಾಡಂಚಿನಲ್ಲಿ ವಿನೋದದ ಬೆಂಕಿಗೆ ಪೂರ್ಣ ತಡೆ ಇರಬೇಕು.

ಇದು ಅಸಾಧ್ಯವೆನ್ನುವವರು ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನೋಡಬೇಕು. ಖಾಸಗಿ ವಾಹನಗಳನ್ನು ತಪ್ಪಲಲ್ಲಿಯೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಭಕ್ತರನ್ನು ಮೇಲೆ ಕರೆದೊಯ್ಯುವ ವ್ಯವಸ್ಥೆ ಬಂದಾಗಲೂ ಗೊಣಗಿದವರಿದ್ದರು. ದೇವರ ದರ್ಶನವೇನೂ ನಿಲ್ಲಲಿಲ್ಲ; ಬೆಟ್ಟಕ್ಕೆ ಬರುವವರೂ ಕಡಿಮೆಯಾಗಲಿಲ್ಲ. ಇನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ದೊರೆತಿದೆ. ಅಲ್ಲಿನ ಪೋಡುಗಳ ಬಳಿ ಯಾವ ಬಗೆಯ ಪ್ರವಾಸಿ ವಸತಿ ಬರಬೇಕಾದರೂ ಗ್ರಾಮಸಭೆಯನ್ನು ಮೊದಲು ಕೇಳುವುದು ಸೌಜನ್ಯದ ಮಾತಷ್ಟೇ ಅಲ್ಲ, ಹಕ್ಕಿನ ಮಾತು.

ಮುಂದಿನ ಹೂವಿನ ಕಾಲಕ್ಕೆ ಮೊದಲು ಕಾಡಂಚಿನ ಪ್ರತಿ ಪಂಚಾಯಿತಿಯೂ ತನ್ನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ. ಯಾರ ಹೊಲದಲ್ಲಿ ಎಷ್ಟು ಗುಡಾರಗಳಿವೆ, ಕೊಳೆ ಎಲ್ಲಿಗೆ ಹೋಗುತ್ತಿದೆ, ಕಳೆದ ಸುಗ್ಗಿಯಲ್ಲಿ ಆನೆ ಯಾವ ದಾರಿಯಲ್ಲಿ ಇಳಿಯಿತು ಎಂಬುದನ್ನು ಊರಿನವರಷ್ಟು ಬಲ್ಲವರು ಬೇರಾರೂ ಇಲ್ಲ. ಆ ಸಭೆಯಲ್ಲಿ ಗುಡಾರಕ್ಕೆ ಜಾಗ ಕೊಟ್ಟವನೂ ಇರಲಿ, ಅವನ ಪಕ್ಕದ ಹೊಲದಲ್ಲಿ ಅಟ್ಟಣೆಯ ಮೇಲೆ ಕುಳಿತು ರಾಗಿ ಕಾದವನೂ ಇರಲಿ. ಇಬ್ಬರೂ ಎದುರುಬದುರು ಕುಳಿತು ಲೆಕ್ಕ ಮಾಡಿದರೆ, ಒಂದು ರಾತ್ರಿಯ ಬೆಲೆ ಎಷ್ಟೆಂಬುದು ಊರಿಗೇ ತಿಳಿಯುತ್ತದೆ.