ಹುಡುಗೀರಿಗೆ ಏನು ಇಷ್ಟ ಅಂತ ಕೇಳೋ ತಮ್ಮಂದಿರಿಗೆ



ನಮ್ಮ ಸಂಘಟನೆಯ ಹುಡುಗರು ಟೀ ಕುಡಿಯುತ್ತಾ ಆಗಾಗ ಕೇಳೋ ಪ್ರಶ್ನೆ ಒಂದಿದೆ. "ಅಕ್ಕಾ, ಈ ಹುಡುಗೀರಿಗೆ ನಿಜವಾಗ್ಲೂ ಏನು ಇಷ್ಟ? ನಮ್ಮಂಥೋರನ್ನ ಯಾಕೆ ತಿರುಗಿ ನೋಡಲ್ಲ?" ಕೇಳುವಾಗ ನಗ್ತಾರೆ, ಆದರೆ ಒಳಗೆ ನೋವಿರುತ್ತೆ. ಬಣ್ಣ ಕಪ್ಪು ಅಂತಾನಾ, ಬೈಕ್ ಇಲ್ಲ ಅಂತಾನಾ, ಜಾತಿ ಗೊತ್ತಾಯ್ತು ಅಂತಾನಾ ಅಂತ ಅವರೇ ಕಾರಣ ಹುಡುಕ್ತಾರೆ. ಜಾತಿ ನೋಡಿ ದೂರ ಹೋಗೋರು ಇದ್ದಾರೆ, ಸುಳ್ಳಲ್ಲ. ಪ್ರೀತಿಸಿದ್ದಕ್ಕೇ ನಮ್ಮ ಮಕ್ಕಳು ಹೆಣವಾದ ಊರುಗಳು ಈ ರಾಜ್ಯದಲ್ಲೇ ಇವೆ. ಆ ಬಗ್ಗೆ ಬೇರೆ ದಿನ ಬರೀತೀನಿ. ಇವತ್ತು ನಮ್ಮ ಹಿಡಿತದಲ್ಲೇ ಇರೋ ಒಂದು ವಿಷಯ, ನಾಲಿಗೆ.

ಒಂದು ಮಾತು ನೆನಪಿಟ್ಟುಕೊಳ್ಳಿ. ನೀವು ನಮ್ಮ ಹತ್ತಿರ ಎಷ್ಟು ನಯವಾಗಿ ಮಾತಾಡ್ತೀರಿ ಅನ್ನೋದನ್ನ ನೋಡಿ ನಾವು ಮರುಳಾಗಲ್ಲ. ಪಕ್ಕದಲ್ಲಿ ಕಸ ಗುಡಿಸ್ತಾ ಇರೋ ಅಕ್ಕನ ಹತ್ತಿರ ಹೇಗೆ ಮಾತಾಡಿದ್ರಿ ಅಂತ ನೋಡ್ತೀವಿ. ಹೋಟೆಲಿನಲ್ಲಿ ತಟ್ಟೆ ತೊಳೆಯೋ ಹೆಂಗಸನ್ನ ಹೇಗೆ ಕರೆದ್ರಿ, ಫೋನಿನಲ್ಲಿ ಸ್ವಂತ ತಂಗಿಗೆ ಏನಂದ್ರಿ ಅಂತ ಕಿವಿಯಿಟ್ಟು ಕೇಳ್ತೀವಿ. ನಮಗೆ 'ನೀವು', ಆ ಅಕ್ಕನಿಗೆ 'ಏಯ್ ಬಾ ಇಲ್ಲಿ' ಅಂದ್ರೆ, ನಾಳೆ ನಮಗೂ ಅದೇ ಮಾತು ಕಾದಿದೆ ಅಂತ ಗೊತ್ತಾಗುತ್ತೆ. ಅಲ್ಲಿಗೆ ಮನಸ್ಸು ಹಿಂದಕ್ಕೆ ಸರಿಯುತ್ತೆ. ಸೆಂಟು, ಕನ್ನಡಕ, ಬೈಕು ಯಾವುದೂ ಆಮೇಲೆ ಕೆಲಸಕ್ಕೆ ಬರಲ್ಲ.

ನಾನು ಕೆಲಸ ಮಾಡಿದ ಕಚೇರಿಗಳಲ್ಲಿ ಇದನ್ನ ದಿನಾ ನೋಡಿದ್ದೀನಿ. ರೇಷ್ಮೆ ಸೀರೆ ಉಟ್ಟು ಕಾರಿನಲ್ಲಿ ಬಂದವರಿಗೆ "ಕೂತ್ಕೊಳ್ಳಿ ಮೇಡಂ". ವಿಧವಾ ವೇತನದ ಅರ್ಜಿ ಹಿಡಿದು, ಎರಡು ಬಸ್ಸು ಬದಲಿಸಿ ಬಂದ ಮುದುಕಮ್ಮನಿಗೆ "ಏನಮ್ಮಾ ನಿಂದು, ನಾಳೆ ಬಾ ಹೋಗು". ಅದೇ ಕುರ್ಚಿ, ಅದೇ ಬಾಯಿ. ಸೀರೆ ನೋಡಿ, ಅಡ್ಡಹೆಸರು ನೋಡಿ, ಕೇರಿ ಯಾವುದು ಅಂತ ನೋಡಿ ವಚನ ಬದಲಾಗುತ್ತೆ. ಹಳ್ಳಿಗಳಲ್ಲಂತೂ ನಮ್ಮ ಅಜ್ಜಿಯರ ಹೆಸರನ್ನೇ ಪೂರ್ತಿ ಕರೀತಿರಲಿಲ್ಲ. ಕೆಂಪಮ್ಮ ಇದ್ದವರು ಕೆಂಪಿ, ನಂಜಮ್ಮ ಇದ್ದವರು ನಂಜಿ. ಅರವತ್ತು ವರ್ಷದ ಹೆಂಗಸನ್ನ ಹತ್ತು ವರ್ಷದ ಗೌಡರ ಮಗ "ಬಾರೇ ನಂಜಿ" ಅಂತ ಕರೀಬಹುದಿತ್ತು. ಹೆಸರಿನ ಕೊನೆಯ 'ಅಮ್ಮ'ನನ್ನೇ ಕಿತ್ತುಕೊಂಡಿದ್ದರು. ಹಾಗಾಗಿ ಕರೆಯೋ ರೀತಿ ಸಣ್ಣ ವಿಷಯ ಅಂತ ಬೇರೆ ಯಾರಾದರೂ ಹೇಳಬಹುದು, ನಾವು ಹೇಳೋ ಹಾಗಿಲ್ಲ.

ಇಲ್ಲಿ ಒಬ್ಬರು ಕೇಳಬಹುದು, ಏಕವಚನ ಅಂದ್ರೆ ಅವಮಾನಾನಾ ಅಂತ. ಅಲ್ಲ. ನಾವು ಅವ್ವನನ್ನ ಏಕವಚನದಲ್ಲೇ ಕರೀತೀವಿ. ಉತ್ತರ ಕರ್ನಾಟಕದಲ್ಲಿ "ಬಾರವ್ವಾ, ಉಣ್ಣು" ಅಂದ್ರೆ ಅದರಷ್ಟು ಅಕ್ಕರೆಯ ಮಾತು ಇನ್ನೊಂದಿಲ್ಲ. ಗೆಳತಿ ಗೆಳತಿಗೆ 'ಬಾರೇ' ಅಂತಾಳೆ. ಅಲ್ಲೆಲ್ಲ ಅವರೂ ವಾಪಸ್ ಅದೇ ಸಲಿಗೆಯಲ್ಲಿ ಕರೀಬಹುದು. ನೀನು ಅವಳನ್ನ 'ಲೇ' ಅಂದಾಗ ಅವಳು ನಿನ್ನನ್ನ 'ಲೋ' ಅನ್ನೋಕೆ ಆಗುತ್ತಾ? ಅಂದ್ರೆ ನಿನಗೆ ಸಿಟ್ಟು ಬರುತ್ತಾ? ಇದೇ ಪರೀಕ್ಷೆ. ಒಂದೇ ಕಡೆಯಿಂದ ಹೋಗೋ ಸಲಿಗೆ ಸಲಿಗೆಯಲ್ಲ, ದರ್ಪ. ಗೊತ್ತಿಲ್ಲದವರಿಗೆ ಮೊದಲು ಬಹುವಚನ ಇರಲಿ. ಸಲಿಗೆ ಬೇಕೋ ಬೇಡವೋ ಅವಳೇ ಹೇಳಲಿ.

ಇನ್ನು ಇನ್‌ಬಾಕ್ಸ್ ವಿಷಯ. ಬೆಳಿಗ್ಗೆ ಹತ್ತು ಗಂಟೆಗೆ "ಜೈ ಭೀಮ್ ಅಕ್ಕ", ರಾತ್ರಿ ಹನ್ನೊಂದಕ್ಕೆ "ಹಾಯ್ ಡಿಯರ್, ಊಟ ಆಯ್ತಾ". ಉತ್ತರ ಕೊಡದಿದ್ರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಆಮೇಲೆ ಮಿಸ್ಡ್ ಕಾಲ್, ಕೊನೆಗೆ "ನಿಂಗೆ ಅಹಂಕಾರ". ಇದನ್ನ ನನಗೆ ತೋರಿಸಿದ ಹುಡುಗೀರು ಒಬ್ಬಿಬ್ಬರಲ್ಲ. ಸುಮ್ಮನಿರೋದೂ ಒಂದು ಉತ್ತರ ಕಣ್ರೋ. ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಹಿಂದೆ ಬಿದ್ದರೆ ಹೀರೋಯಿನ್ ಒಪ್ಪುತ್ತಾಳೆ ಅನ್ನೋದು ಸಿನಿಮಾದವರು ಹೇಳಿಕೊಟ್ಟ ಸುಳ್ಳು. 'ಹುಡುಗಿ ಬೀಳಿಸೋದು' ಅಂತೀರಲ್ಲ, ಬೀಳೋಕೆ ಅವಳೇನು ಮರದ ಹಣ್ಣಾ? ಫಿಗರ್, ಪೀಸು, ಐಟಂ ಅನ್ನೋ ಮಾತು ಗೆಳೆಯರ ಗುಂಪಿನಲ್ಲೇ ಉಳಿಯುತ್ತೆ ಅಂದ್ಕೋಬೇಡಿ. ಆ ಗುಂಪಿನಲ್ಲಿ ಯಾರೋ ಒಬ್ಬನಿಗೆ ತಂಗಿ ಇರ್ತಾಳೆ, ಅವಳ ಕಿವಿಗೆ ಬೀಳುತ್ತೆ.

ಈಗ ನಮ್ಮ ಮನೆಯ ಮಾತು. ಸಭೆಗೆ ಹೆಣ್ಣುಮಕ್ಕಳು ಬರಲ್ಲ ಅಂತ ನಮ್ಮ ಮುಖಂಡರು ಕೊರಗ್ತಾರೆ. ಬಂದವರಿಗೆ ಏನು ಕೊಟ್ಟಿದ್ದೀವಿ? ಸ್ವಾಗತ ಗೀತೆ, ಹಾರದ ತಟ್ಟೆ, ಏಪ್ರಿಲ್ 14ಕ್ಕೆ ಅನ್ನದ ಪಾತ್ರೆ. ಬ್ಯಾನರಿನಲ್ಲಿ ಕೊನೆಯ ಸಾಲು. ಮೈಕಿನಲ್ಲಿ ಸಾವಿತ್ರಿಬಾಯಿ ಅವರ ಹೆಸರು ಗುಡುಗುತ್ತೆ, ಮೈಕ್ ಇಳಿದ ಮೇಲೆ "ಲೇ, ನೀರು ತಗೊಂಬಾ" ಶುರುವಾಗುತ್ತೆ. ಓದಿದ ಹುಡುಗಿ ಒಮ್ಮೆ ನೋಡ್ತಾಳೆ, ಎರಡು ಸಲ ನೋಡ್ತಾಳೆ, ಮೂರನೇ ಸಭೆಗೆ ಬರಲ್ಲ. ಅವಳಿಗೆ ಚಳವಳಿ ಬೇಡವಾಗಿರಲ್ಲ. ಅಲ್ಲಿನ ಗಂಡಸರು ಬೇಡವಾಗಿರ್ತಾರೆ.

ಬಾಬಾಸಾಹೇಬರು ಹೀಗಿರಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿದರು. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ, ಹೆಂಡತಿ ಗಂಡನಿಗೆ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ಗುಲಾಮಳಾಗಿ ಅಲ್ಲ ಅನ್ನೋ ಅರ್ಥದ ಮಾತು ಹೇಳಿದರು. 1951ರಲ್ಲಿ ಮಂತ್ರಿಗಿರಿ ಬಿಟ್ಟಾಗ ಅದರ ದೊಡ್ಡ ಕಾರಣಗಳಲ್ಲಿ ಹಿಂದೂ ಕೋಡ್ ಬಿಲ್ ಒಂದು. ಹೆಣ್ಣಿನ ಆಸ್ತಿ, ವಿಚ್ಛೇದನದ ಹಕ್ಕಿಗಾಗಿ ಕುರ್ಚಿ ಬಿಟ್ಟವರ ಫೋಟೋ ಡಿಪಿಗೆ ಹಾಕಿಕೊಂಡು ಅದೇ ಡಿಪಿಯಿಂದ "ಹಾಯ್ ಡಿಯರ್" ಕಳಿಸ್ತೀರಲ್ಲ!

ಮರ್ಯಾದೆಯಿಂದ ಅರ್ಥವಾಗದವರಿಗೆ ಕಾನೂನೂ ಇದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ನಮ್ಮ ಹೆಣ್ಣುಮಕ್ಕಳ ಮೇಲೆ ಲೈಂಗಿಕ ಅರ್ಥದ ಮಾತು, ಸನ್ನೆ, ಒಪ್ಪಿಗೆಯಿಲ್ಲದ ಸ್ಪರ್ಶ ಎಲ್ಲ ಅಪರಾಧ ಅಂತ ಸ್ಪಷ್ಟವಾಗಿ ಸೇರಿಸಿದ್ದಾರೆ. ಆ ಕಾಯ್ದೆ ಇರೋದು ಪರಿಶಿಷ್ಟರಲ್ಲದವರು ಮಾಡೋ ದೌರ್ಜನ್ಯಕ್ಕೆ. ನಮ್ಮವರೇ ಮಾಡಿದ್ರೆ ಪಾರಾಗಬಹುದು ಅಂದ್ಕೋಬೇಡಿ. ಭಾರತೀಯ ನ್ಯಾಯ ಸಂಹಿತೆಯ 75, 78, 79ನೇ ಕಲಂಗಳು ಎಲ್ಲರಿಗೂ ಅನ್ವಯ. ಬೇಡ ಅಂತ ಸ್ಪಷ್ಟಪಡಿಸಿದ ಮೇಲೂ ಹಿಂಬಾಲಿಸಿ ಪದೇ ಪದೇ ಸಂಪರ್ಕಿಸೋದು 78ರಲ್ಲಿ ಬರುತ್ತೆ. ಹತ್ತು ಜನ ಕೆಲಸ ಮಾಡೋ ಯಾವುದೇ ಕಚೇರಿಯಲ್ಲಿ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ತಂಗಿಯರೇ, ನಿಮ್ಮ ಕಚೇರಿಯಲ್ಲಿ ಆ ಬೋರ್ಡ್ ಇದೆಯಾ ನೋಡಿ, ಇಲ್ಲದಿದ್ರೆ ಕೇಳಿ.

ಕಾನೂನಿನ ಹೆದರಿಕೆಯಿಂದ ಬಾಯಿ ಮುಚ್ಚಬಹುದು ಅಷ್ಟೇ, ಯಾರೂ ಯಾರನ್ನೂ ಇಷ್ಟಪಡಲ್ಲ. ಅದಕ್ಕೆ ತಮ್ಮಂದಿರಾ, ನಾಳೆ ಬೆಳಿಗ್ಗೆಯಿಂದ ಮನೆಯಲ್ಲೇ ಶುರು ಮಾಡಿ. ಬೀದಿ ಗುಡಿಸೋಕೆ ಬರೋ ಪೌರಕಾರ್ಮಿಕ ಅಕ್ಕನ ಹೆಸರು ಕೇಳಿ, ಪೂರ್ತಿ ಹೆಸರಿಟ್ಟು ಕರೀರಿ. ತಂಗಿ ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ಸಭೆಯಲ್ಲಿ ನೀರು ನೀವೇ ತನ್ನಿ. ಇದನ್ನೆಲ್ಲ ಯಾವ ಹುಡುಗಿಯೂ ನೋಡದೇ ಇದ್ದಾಗಲೂ ಮಾಡಿ. ಯಾರಾದರೂ ಇಷ್ಟಪಟ್ಟರೆ ಸಂತೋಷ. ಪಡದಿದ್ರೂ ಆ ಅಕ್ಕನಿಗೆ ಅವಳ ಹೆಸರು ವಾಪಸ್ ಸಿಕ್ಕಿರುತ್ತೆ.

ಜೈ ಭೀಮ್. ಜೈ ಸಾವಿತ್ರಿ.